ಕಾಣದ ವಿಷ ಮತ್ತು ಆಪ್ತವಾಕ್ಯ

ಯಥಾರ್ಥ ಜ್ಞಾನಕ್ಕೆ ಸಾಧನವಾದದ್ದನ್ನು ಭಾರತೀಯ ದಾರ್ಶನಿಕರು ಪ್ರಮಾಣವೆಂದು ಕರೆದು, ಅದರ ಬಗೆಗಳನ್ನು ಕುರಿತು ಶತಮಾನಗಳ ಕಾಲ ವಾದಿಸಿದರು. ಆ ವಾದ ಊಟದ ಎಲೆಗೆ ಎಷ್ಟು ಹತ್ತಿರದ್ದೆಂಬುದನ್ನು ಕಡಲ ಚಿಪ್ಪುಜೀವಿಗಳಲ್ಲಿ ಸೇರುವ ವಿಷ ತಿಳಿಸಿಕೊಡುತ್ತದೆ. ಸಮುದ್ರದ ಸೂಕ್ಷ್ಮ ಪಾಚಿಗಳು ಕೆಲವೊಮ್ಮೆ ಅಪಾರವಾಗಿ ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷವನ್ನು ಉತ್ಪಾದಿಸುತ್ತವೆ, ನೀರನ್ನು ಸೋಸಿ ಬದುಕುವ ಮರುವಾಯಿ, ಪಚ್ಚಿಲೆಗಳ ಮಾಂಸದಲ್ಲಿ ಅದು ಶೇಖರವಾಗುತ್ತದೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಮರುವಾಯಿ ತಿಂದವರು ಈ ಬಗೆಯ ವಿಷಕ್ಕೆ ಈಡಾದರು.

ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಪ್ರತ್ಯಕ್ಷವೊಂದೇ ಪ್ರಮಾಣವೆಂಬ ಚಾರ್ವಾಕರ ನಿಲುವು ಇಲ್ಲಿ ನಿಲ್ಲದು. ತುಟಿ ಜುಮ್ಮೆಂದು ಉಸಿರು ಕಷ್ಟವಾದಾಗ ದೊರೆಯುವ ಪ್ರತ್ಯಕ್ಷ ತಡವಾದದ್ದು. ನೀರು ಕೆಂಪಾದರೆ ವಿಷವಿದೆಯೆಂಬ ಅನುಮಾನವೂ ದುರ್ಬಲ, ಏಕೆಂದರೆ ಕೆಂಪಾದ ನೀರೆಲ್ಲ ವಿಷಮಯವಲ್ಲ, ಬಣ್ಣವೇ ಬದಲಾಗದ ನೀರಿನಲ್ಲಿಯೂ ವಿಷವಿರಬಹುದು. ನೈಯಾಯಿಕರು ಇಂತಹ ಹೇತುವನ್ನು ಸವ್ಯಭಿಚಾರ, ಅಂದರೆ ಸಾಧಿಸಬೇಕಾದದ್ದರೊಡನೆ ನಿಯತ ಸಂಬಂಧವಿಲ್ಲದ ಹೇತು ಎನ್ನುತ್ತಾರೆ.

ಹೀಗಾಗಿ ತಿನ್ನುವವನಿಗೆ ಉಳಿಯುವುದು ಶಬ್ದ, ಅಂದರೆ ನಂಬಲರ್ಹನ ಮಾತು. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ. ಕುಲವನ್ನು ನೋಡದೆ ಅರಿವು ಮತ್ತು ಪ್ರಾಮಾಣಿಕತೆಗಳನ್ನಷ್ಟೇ ಕೇಳುವ ಈ ಮಾತಿನ ಔದಾರ್ಯ ನಿಜಕ್ಕೂ ದೊಡ್ಡದು. ಅದರಂತೆ ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೊಗ್ರಾಂ ಎಂಬ ಮಿತಿಯನ್ನು ವಿಷ ಮೀರಿದೆಯೇ ಎಂದು ಅಳೆಯುವ ಪರೀಕ್ಷಕನೂ ಆಪ್ತನೇ, ಆದರೆ ಅರಿತದ್ದನ್ನು ಜನರಿಗೆ ಮುಟ್ಟಿಸದಿದ್ದರೆ ಲಕ್ಷಣದ ಅರ್ಧ ಭಾಗವೇ ಅವನಲ್ಲಿಲ್ಲ.

ಪರೀಕ್ಷೆಯೇ ನಡೆಯದ ಕಡೆ ಏನು ಹೇಳಬೇಕು? ಇದುವರೆಗೆ ಯಾರಿಗೂ ಏನೂ ಆಗಿಲ್ಲವೆಂಬ ಸಮಾಧಾನ ಕರಾವಳಿಯಲ್ಲಿ ಸಾಮಾನ್ಯ. ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಅಭಾವವನ್ನು ತಿಳಿಸುವ ಅನುಪಲಬ್ಧಿಯೆಂಬ ಪ್ರಮಾಣವನ್ನು ಒಪ್ಪಿದರೂ ಅದಕ್ಕೊಂದು ಷರತ್ತು ಹಾಕಿದರು: ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿರುವುದು ಗಡಿಗೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಕೆನಡಾದಲ್ಲಿ ಸ್ಯಾಕ್ಸಿಟಾಕ್ಸಿನ್ ಪರೀಕ್ಷೆ ದಶಕಗಳಿಂದ ನಡೆಯುತ್ತಿದ್ದರೂ, 1987ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಜೀವಿಗಳನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, ಕೆಲವರು ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡರು. ಕಾರಣವಾದ ಡೊಮೋಯಿಕ್ ಆಮ್ಲವನ್ನು ಅಲ್ಲಿಯವರೆಗೆ ಚಿಪ್ಪುಜೀವಿಗಳಲ್ಲಿ ಯಾರೂ ಹುಡುಕಿರಲಿಲ್ಲ.

ಆದುದರಿಂದ ಹುಡುಕದವನ ಮೌನವನ್ನು ಅಭಯವೆಂದು ಎಣಿಸುವುದು ತರ್ಕದೋಷವಷ್ಟೇ ಅಲ್ಲ, ಅನ್ನವಿಡುವವನ ಧರ್ಮಕ್ಕೂ ವಿರುದ್ಧ. ಮರುವಾಯಿ ಹೆಕ್ಕುವ ಅಳಿವೆಗಳಲ್ಲೆಲ್ಲ ಪರೀಕ್ಷೆ ನಿಯತವಾಗಿ ನಡೆಯಬೇಕು, ಅದರ ಫಲ ಹೆಕ್ಕುವವರಿಗೂ ತಿನ್ನುವವರಿಗೂ ಅವರವರ ತುಳು, ಕನ್ನಡ, ಕೊಂಕಣಿ, ಮಲಯಾಳಗಳಲ್ಲಿ ಅಂದೇ ತಲುಪಬೇಕು.