ಮೂಲಿಕೆಯ ಗುಣವೂ ಪ್ರಯೋಗಾಲಯದ ಅಳತೆಯೂ

ಮೂಲಿಕೆಯ ಔಷಧಗುಣ ಅದರೊಳಗಿನ ಒಂದೆರಡು ರಾಸಾಯನಿಕಗಳಲ್ಲಿದೆಯೋ, ಇಡೀ ಗಿಡದಲ್ಲಿದೆಯೋ ಎಂಬ ಪ್ರಶ್ನೆಯ ಹಿಂದೆ ಭಾರತೀಯ ದರ್ಶನಗಳ ಹಳೆಯ ವಾದವೊಂದಿದೆ. ನ್ಯಾಯ-ವೈಶೇಷಿಕರ ಪ್ರಕಾರ ಬಟ್ಟೆ ನೂಲುಗಳ ಬರಿಯ ಮೊತ್ತವಲ್ಲ. ನೂಲುಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ ಬೇರೆಯೇ ವಸ್ತು, ಅಂದರೆ ಅವಯವಿ. ಬೌದ್ಧರು ಇದನ್ನು ಒಪ್ಪಲಿಲ್ಲ. ಭಾಗಗಳನ್ನು ತೆಗೆದಿಟ್ಟ ಮೇಲೆ ಉಳಿಯುವುದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಮಾತ್ರ ಎಂದರು.

ಪ್ರಯೋಗಾಲಯದ ಕೆಲಸ ಭಾಗಗಳಿಂದಲೇ ಶುರುವಾಗುತ್ತದೆ. ಅರಿಶಿನವನ್ನು ಪರೀಕ್ಷಿಸುವಾಗ ಪುಡಿಯನ್ನು ತೂಗಿ, ಮೆಥನಾಲ್‌ನಲ್ಲಿ ಸಾರ ಇಳಿಸಿ, ಸೋಸಿ, ಕೆಲವೇ ಮೈಕ್ರೊಲೀಟರಿನಷ್ಟನ್ನು ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡುತ್ತಾರೆ. ಸಿಲಿಕಾ ಕಣಗಳು ಕಿಕ್ಕಿರಿದ ಸಣ್ಣ ಕೊಳವೆಯಲ್ಲಿ ದ್ರಾವಣ ಒತ್ತಡದಿಂದ ಹರಿಯುವಾಗ ಒಂದೊಂದು ಘಟಕ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಸುಮಾರು 425 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅವು ಎಷ್ಟು ಹೀರುತ್ತವೆ ಎಂಬುದು ತೆರೆಯ ಮೇಲೆ ಮೂರು ಶಿಖರಗಳಾಗಿ ಮೂಡುತ್ತದೆ: ಕರ್ಕ್ಯುಮಿನ್ ಮತ್ತು ಅದರ ಇಬ್ಬರು ದಾಯಾದಿಗಳು. ಶಿಖರದ ವಿಸ್ತೀರ್ಣವನ್ನು ಶುದ್ಧ ಮಾದರಿಯದರೊಂದಿಗೆ ಹೋಲಿಸಿದರೆ ಶೇಕಡಾವಾರು ಪ್ರಮಾಣ ಸಿಗುತ್ತದೆ.

ಈ ಅಂಕಿ ಹೇಳುವುದು ಕಡಿಮೆಯೇನಲ್ಲ. ಸತ್ವ ಇಳಿದ ಹಳೆಯ ಸರಕು ಇದರಿಂದ ಬಯಲಾಗುತ್ತದೆ. ಇಂದಿನ ತಯಾರಿಕೆಗೂ ನಾಳಿನದಕ್ಕೂ ವ್ಯತ್ಯಾಸವಿದ್ದರೆ ತಿಳಿಯುತ್ತದೆ. ಆದರೆ ಪೆಟ್ರೋಲಿಯಂ ಮೂಲದಿಂದ ತಯಾರಿಸಿದ ಕರ್ಕ್ಯುಮಿನ್ ಬೆರೆಸಿದ್ದರೆ ಅದೇ ಶಿಖರ, ಅದೇ ಅಂಕಿ ಬರುತ್ತದೆ. ಅದನ್ನು ಹಿಡಿಯಲು ಕಾರ್ಬನ್-14 ಎಣಿಸಬೇಕು: ಹೊಲದಲ್ಲಿ ಬೆಳೆದದ್ದರಲ್ಲಿ ಅದು ಇರುತ್ತದೆ, ಪೆಟ್ರೋಲಿಯಂನಲ್ಲಿ ಎಂದೋ ಕ್ಷಯಿಸಿಹೋಗಿರುತ್ತದೆ. ಅಣುವಿನ ರಚನೆ ಒಂದೇ ಆದರೂ ಹುಟ್ಟು ಬೇರೆ.

ಅಳೆದ ಘಟಕವೇ ಕೆಲಸ ಮಾಡುವ ಘಟಕ ಎಂಬ ಭರವಸೆಯೂ ಇಲ್ಲ. ಯುರೋಪಿನಲ್ಲಿ ಮನೋಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಸಾರವನ್ನು ಬಹುಕಾಲ ಶೇ. 0.3 ಹೈಪರಿಸಿನ್ ಲೆಕ್ಕದಲ್ಲಿ ಪ್ರಮಾಣೀಕರಿಸುತ್ತಿದ್ದರು. ಆಮೇಲೆ ಸಂಶೋಧಕರ ಗಮನ ಹೈಪರ್‌ಫೋರಿನ್ ಕಡೆ ತಿರುಗಿತು. ಅದು ಗಾಳಿ-ಬೆಳಕಿಗೆ ಬೇಗ ಕೆಡುವಂಥದ್ದು. ಒಂದರ ಅಂಕಿ ಸರಿಯಿದ್ದ ಸಾರದಲ್ಲಿ ಇನ್ನೊಂದು ಎಷ್ಟಾದರೂ ಇರಬಹುದಿತ್ತು. ಜೊತೆಗೆ ಸೇರುವ ಘಟಕದ ಪಾತ್ರವೂ ಸಣ್ಣದಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಪ್ರಕಟವಾದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಶೇ. 2000ರಷ್ಟು ಹೆಚ್ಚಿತು. ಬಾಟಲಿಯ ಮೇಲಿನ ಅಂಕಿಯಲ್ಲಿ ಈ ಸಂಗತಿ ಕಾಣುವುದಿಲ್ಲ.

ಹಾಗೆಂದು ಅಳತೆ ಆಯುರ್ವೇದಕ್ಕೆ ಹೊರಗಿನದಲ್ಲ. ಚರಕಸಂಹಿತೆ ಪರಾದಿ ಗುಣಗಳು ಹತ್ತು ಎನ್ನುತ್ತದೆ. ಸಂಖ್ಯೆ, ಪರಿಮಾಣ ಎರಡೂ ಅವುಗಳಲ್ಲಿವೆ, ಸಂಯೋಗ, ಸಂಸ್ಕಾರ, ಯುಕ್ತಿಗಳೂ ಇವೆ. ಅಂದರೆ ಎಷ್ಟಿದೆ ಎಂಬುದು ದ್ರವ್ಯದ ಒಂದು ಗುಣ. ಯಾವುದರೊಡನೆ ಬೆರೆತಿದೆ, ಹೇಗೆ ಸಂಸ್ಕರಿಸಿದೆ ಎಂಬುವು ಅದರ ಪಕ್ಕದಲ್ಲೇ ನಿಲ್ಲುವ ಗುಣಗಳು.

ಅಳತೆಗೆ ಸಿಗದ್ದನ್ನೆಲ್ಲ ಪ್ರಭಾವದ, ಅಂದರೆ ದ್ರವ್ಯದ ವಿಶೇಷ ಶಕ್ತಿಯ, ಲೆಕ್ಕಕ್ಕೆ ಹಾಕುವುದೂ ಸರಿಯಲ್ಲ. ಚಿತ್ರಕ ಮತ್ತು ದಂತಿ ಎಂಬ ಎರಡೂ ಮೂಲಿಕೆಗಳಿಗೆ ರಸ (ರುಚಿ) ಕಟು, ವಿಪಾಕ (ಜೀರ್ಣವಾದ ಮೇಲಿನ ಪರಿಣಾಮ) ಕಟು, ವೀರ್ಯ (ಶಕ್ತಿ) ಉಷ್ಣ. ಆದರೂ ದಂತಿ ಮಾತ್ರ ವಿರೇಚಕ. ಕಾರಣ ಪ್ರಭಾವ, ಅದು ಅಚಿಂತ್ಯ ಎಂದ ಚರಕ. ಈಗ ಚಿತ್ರಕದ ಬೇರಿನಲ್ಲಿ ಪ್ಲಂಬಾಜಿನ್, ದಂತಿಯ ಬೇರಿನಲ್ಲಿ ಫೋರ್ಬಾಲ್ ಎಸ್ಟರ್‌ಗಳು ಕಂಡುಬಂದಿವೆ. ಅಂದು ವಿವರಣೆಗೆ ನಿಲುಕದ ವ್ಯತ್ಯಾಸಕ್ಕೆ ಇಂದು ಹುಡುಕುವ ದಾರಿಯಾದರೂ ಇದೆ.

ಹೀಗೆ ನೋಡಿದರೆ ಇಲ್ಲಿ ಮೂರು ಪ್ರಶ್ನೆಗಳಿವೆ. ಇದು ಅದೇ ಗಿಡವೇ, ಹೇಳಿದ ಘಟಕ ಹೇಳಿದಷ್ಟಿದೆಯೇ ಎಂಬ ಎರಡಕ್ಕೆ ಪ್ರಯೋಗಾಲಯ ಉತ್ತರಿಸಬಲ್ಲದು. ರೋಗ ವಾಸಿಯಾಗುತ್ತದೆಯೇ ಎಂಬ ಮೂರನೆಯದಕ್ಕೆ ರೋಗಿಗಳ ಮೇಲಿನ ಕ್ರಮಬದ್ಧ ಪರೀಕ್ಷೆಯೇ ಆಧಾರ. ಅವಯವಿಯನ್ನು ನಂಬುವವರೂ ನಂಬದವರೂ ಆ ಪರೀಕ್ಷೆಗೆ ಒಂದೇ ಬಗೆಯಲ್ಲಿ ಬದ್ಧರು.