ಎರಡು ಮದುವೆಗಳ ನಡುವೆ

ಕರೆಯೋಲೆಯಲ್ಲಿ ಅಚ್ಚಾದ ಮುಹೂರ್ತಕ್ಕೆ ತಿಂಗಳುಗಳ ಮೊದಲೇ ಗುಟ್ಟಾಗಿ ಮದುವೆಯಾಗಿರುವ ಜೋಡಿಗಳು ಈಗ ಅಪರೂಪವಲ್ಲ. ಕೆಲವರಿಗೆ ವೀಸಾದ ಅವಸರ. ಕೆಲವರಿಗೆ, ಒಪ್ಪಿದ ಮನೆಯವರು ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂಬ ಅಂಜಿಕೆ. ಇನ್ನು ಕೆಲವರಿಗೆ ಇಂಥ ಕಾರಣವೇನೂ ಇಲ್ಲ. ಸಾವಿರ ಜನರೆದುರು ಬಾಯಿಗೆ ಬಾರದ ಮಾತನ್ನು ಇಬ್ಬರೇ ಇದ್ದಾಗ ಆಡಿಕೊಳ್ಳಬೇಕು ಅನ್ನಿಸಿರುತ್ತದೆ. ಒಂದು ಗುಡಿ, ಎರಡು ಹಾರ, ಜೊತೆಗೆ ನಂಬಿಕೆಯ ಒಂದಿಬ್ಬರು ಗೆಳೆಯರು. ಆಮೇಲೆ ಚಪ್ಪರ, ಓಲಗ, ಧಾರೆ, ಆರತಕ್ಷತೆ, ಬೀಗರ ಊಟ ಎಲ್ಲವೂ ಏನೂ ಆಗದವರ ಹಾಗೆ ನಡೆಯುತ್ತವೆ.

ಇದನ್ನು ಈ ಕಾಲದ ಹುಡುಗಾಟ ಎಂದು ಮೂಗು ಮುರಿಯುವವರು ಮಹಾಭಾರತದ ಆದಿಪರ್ವವನ್ನೊಮ್ಮೆ ನೋಡಬೇಕು. ಉಂಗುರ, ಮೀನು, ದೂರ್ವಾಸರ ಶಾಪ ಇವೆಲ್ಲ ಕಾಳಿದಾಸನ ನಾಟಕದವು. ವ್ಯಾಸರ ಶಕುಂತಲೆಗೆ ಆ ಆಸರೆಗಳಿಲ್ಲ. ಕಣ್ವರು ಹಣ್ಣು ತರಲು ಹೋಗಿದ್ದಾರೆ, ದುಷ್ಯಂತ ಅವಸರ ಮಾಡುತ್ತಾನೆ. ಅಪ್ಪ ಬರುವವರೆಗೆ ಕಾಯೋಣ ಎನ್ನುತ್ತಾಳೆ ಇವಳು. ಅವನು ಗಾಂಧರ್ವ ವಿವಾಹದ ಶಾಸ್ತ್ರ ಹೇಳಿದ ಮೇಲೆ, ನನ್ನ ಮಗನಿಗೇ ಪಟ್ಟವಾಗಬೇಕೆಂದು ಮಾತು ತೆಗೆದುಕೊಂಡು ಒಪ್ಪುತ್ತಾಳೆ. ಅಳುಮುಂಜಿಯಲ್ಲ, ಲೆಕ್ಕ ಬಲ್ಲ ಹೆಣ್ಣು. ಮುಂದೆ ಮಗನ ಕೈಹಿಡಿದು ಆಸ್ಥಾನಕ್ಕೆ ಬಂದಾಗ ಅದೇ ದುಷ್ಯಂತ, ನೀನು ಯಾರೋ ನನಗೆ ಗೊತ್ತಿಲ್ಲ ಎಂದುಬಿಡುತ್ತಾನೆ. ಅಶರೀರವಾಣಿ ಸಾಕ್ಷಿ ನುಡಿದ ಮೇಲೆ ಅವನು ಕೊಡುವ ಸಮಜಾಯಿಷಿ ಸೋಜಿಗದ್ದು: ಎಲ್ಲ ಗೊತ್ತಿತ್ತು, ಬರಿಯ ಅವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಜನ ಶಂಕಿಸುತ್ತಿದ್ದರು. ಈ ಮಾತು ನನಗೆಂದೂ ಹಿತವೆನಿಸಿಲ್ಲ. ಆದರೂ ಇಬ್ಬರೇ ಇದ್ದಾಗ ಆದ ಮದುವೆಯ ಎಲ್ಲ ಕಷ್ಟವೂ ಅದರಲ್ಲಿದೆ. ಒಬ್ಬರು ಇಲ್ಲವೆಂದರೆ ಇನ್ನೊಬ್ಬರ ಕಡೆ ನಿಲ್ಲುವವರು ಯಾರೂ ಇರುವುದಿಲ್ಲ.

ಕಾನೂನೂ ಈ ತೊಡಕನ್ನು ಬಲ್ಲದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಧಿಗಳು ನಡೆದರೇ ಮದುವೆ. ನೋಂದಣಿ ಅದಕ್ಕೊಂದು ಪುರಾವೆ ಮಾತ್ರ. ವಿಧಿಗಳನ್ನು ಆಮೇಲೆ ನೋಡಿಕೊಂಡರಾಯಿತೆಂದು ಮೊದಲು ಪ್ರಮಾಣಪತ್ರ ಮಾಡಿಸಿಕೊಂಡ ಇಬ್ಬರು ಪೈಲಟ್‌ಗಳ ನಡುವೆ ಮನಸ್ತಾಪ ಬಂತು. 2024ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಅವರ ಮದುವೆ ಆಗಿಯೇ ಇಲ್ಲ ಎಂದಿತು. ಶಾಸ್ತ್ರ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ: ಮೂವರು ಸಾಕ್ಷಿಗಳು, ಒಂದು ಘೋಷಣೆ, ಸಹಿ. ಆದರೆ ಅಲ್ಲಿ 30 ದಿನ ಮೊದಲು ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಗುಟ್ಟಾಗಿ ಆಗಲು ಹೋದವರ ಹೆಸರು ಗೋಡೆಯ ಮೇಲೆ!

ಗುಟ್ಟಿನ ಮದುವೆಯೇ ಬೇರೆ, ಸಣ್ಣ ಮದುವೆಯೇ ಬೇರೆ. 1966ರಲ್ಲಿ ಕುಪ್ಪಳಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಕುವೆಂಪು ಅವರ ಮಂತ್ರಮಾಂಗಲ್ಯದಂತೆ ನಡೆಯಿತು. ವೈಭವವಿರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. ನೆರೆದ ಕೆಲವೇ ಜನರಿಗೆ ತಾವೇನು ಕೇಳುತ್ತಿದ್ದೇವೆ, ಯಾತಕ್ಕೆ ಸಾಕ್ಷಿಯಾಗುತ್ತಿದ್ದೇವೆ ಎಂಬುದು ತಿಳಿದಿತ್ತು.

ಹಾಗಾಗಿ ಎರಡು ಸಲ ಮದುವೆಯಾಗುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮೊದಲನೆಯದು ಅವರಿಬ್ಬರದು, ಎರಡನೆಯದು ನಂಟರಿಷ್ಟರದು. ನನ್ನ ಮನಸ್ಸು ನಿಲ್ಲುವುದು ಇವೆರಡರ ನಡುವಿನ ದಿನಗಳ ಮೇಲೆ. ಆದಿಪರ್ವದಲ್ಲಿ ವನಕ್ಕೂ ಆಸ್ಥಾನಕ್ಕೂ ನಡುವೆ ಒಂದು ಸಣ್ಣ ಸನ್ನಿವೇಶವಿದೆ, ನಾವು ಗಮನಿಸದೆ ದಾಟಿಬಿಡುತ್ತೇವೆ. ಕಣ್ವರು ಮರಳಿ ಬಂದಾಗ ಶಕುಂತಲೆ ನಾಚಿಕೆಯಿಂದ ಎದುರಿಗೆ ಬರುವುದಿಲ್ಲ. ಅವರಿಗೆ ದಿವ್ಯದೃಷ್ಟಿಯಿಂದ ಎಲ್ಲ ತಿಳಿಯುತ್ತದೆ. ನನ್ನನ್ನು ಕೇಳದೆ ಗುಟ್ಟಾಗಿ ಮಾಡಿದೆಯಾದರೂ ಇದರಿಂದ ಧರ್ಮ ಕೆಡಲಿಲ್ಲ ಎನ್ನುತ್ತಾರೆ. ಆಮೇಲೆ ಅವಳು ತಂದೆಯ ಹೆಗಲ ಹೊರೆಯಿಳಿಸಿ, ಹಣ್ಣುಗಳನ್ನು ಓರಣವಾಗಿಟ್ಟು, ಕಾಲು ತೊಳೆದು, ತಾನು ಮೆಚ್ಚಿ ವರಿಸಿದವನನ್ನು ಹರಸಿ ಎಂದು ಕೇಳುತ್ತಾಳೆ.

ನಮ್ಮ ಅಪ್ಪ ಅಮ್ಮಂದಿರಿಗೆ ದಿವ್ಯದೃಷ್ಟಿಯಿಲ್ಲ. ಮಕ್ಕಳೇ ಬಾಯಿಬಿಟ್ಟು ಹೇಳಬೇಕು. ಮಾತು ತೆಗೆದರೆ ಜೀವಕ್ಕೇ ಅಪಾಯವಾಗುವ ಮನೆಗಳೂ ನಮ್ಮಲ್ಲಿವೆ, ಅಲ್ಲಿ ಈ ಮಾತು ಸಲ್ಲದು. ಅಂಥವರಿಗಾಗಿಯೇ ಸುಪ್ರೀಂ ಕೋರ್ಟ್ 2018ರಲ್ಲಿ ಸುರಕ್ಷಿತ ಮನೆಗಳ ವಿಚಾರ ಎತ್ತಿ, ರಾಜ್ಯಗಳಿಗೆ ಹೊಣೆ ಹೊರಿಸಿತು. ಉಳಿದ ಮನೆಗಳಲ್ಲಿ ಏನಾದೀತು? ಅಪ್ಪ ಎರಡು ದಿನ ಮಾತು ಬಿಟ್ಟಾರು. ಅಮ್ಮ, ನನಗಾದರೂ ಹೇಳಬಾರದಿತ್ತೇ ಎಂದು ಅತ್ತಾಳು. ಆ ಅಳು ಮದುವೆಯಾದದ್ದಕ್ಕಲ್ಲ, ತನ್ನನ್ನು ಹೊರಗಿಟ್ಟದ್ದಕ್ಕೆ. ಅಜ್ಜಿ ಇದ್ದರೆ, ಬಹುಶಃ ಅವಳಿಗೆ ಮೊದಲೇ ಗುಮಾನಿ ಇದ್ದೀತು.

ಛತ್ರದಲ್ಲಿ ಅಕ್ಷತೆ ಹಾಕುವ ಸಾವಿರ ಜನಕ್ಕೆ ಇದನ್ನೆಲ್ಲ ವರದಿ ಮಾಡಬೇಕಾಗಿಲ್ಲ. ಧಾರೆಯ ನೀರು ಬಿಡುವ ಇಬ್ಬರಿಗೆ ಗೊತ್ತಿದ್ದರೆ ಆಯಿತು. ಗೊತ್ತಿದ್ದೂ ಅವರು ಮಣೆಯ ಮೇಲೆ ಕೂತರೆ, ಅಂದು ನಡೆಯುವುದನ್ನು ನಾಟಕವೆಂದು ಯಾರೂ ಅನ್ನುವಂತಿಲ್ಲ.