ಕಾಣದ ಕೆಲಸವೂ ಕಾಯಕವೇ

ಎಲ್ಲವನ್ನೂ ಬಿಟ್ಟು ನಡೆದ ಅಕ್ಕಮಹಾದೇವಿಯ ಊರು ಉಡುತಡಿ. ಆ ನೆಲದಲ್ಲಿ ಹಳೆಯ ಕಾರಿನ ಆಕ್ಸಿಜನ್ ಸೆನ್ಸರ್ ಬಿಚ್ಚುವುದನ್ನು ಕಾಯಕವೆನ್ನಬಹುದೇ? ಅನ್ನಬಹುದು ಎಂಬುದೇ ನನ್ನ ವಾದ. ಹೊಗೆಕೊಳವೆಯಲ್ಲಿ ತಿರುಪಿನಂತೆ ಕೂತ ಈ ಸೆನ್ಸರ್ ವರ್ಷಗಟ್ಟಲೆ ಕಾದು ತಣಿದು, ಮಳೆಗೆ ತುಕ್ಕು ಹಿಡಿದು ಕಚ್ಚಿಕೊಂಡುಬಿಡುತ್ತದೆ. ಬಲಪ್ರಯೋಗಕ್ಕಿಳಿದರೆ ಕೊಳವೆಯ ಥ್ರೆಡ್ಡೇ ಕಿತ್ತುಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ವೈರಿಗೆ ಸೀಳು ಬಿಟ್ಟ 22 ಮಿ.ಮೀ. ಸಾಕೆಟ್ ಹಿಡಿದು ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು. ಲೋಹದ ಸ್ವಭಾವ ಅರಿಯದೆ ಈ ತಾಳ್ಮೆ ಬರುವುದಿಲ್ಲ.

ಕಾಯಕವೆಂದರೆ ಪೂಜೆ, ಕೂಲಿಗೆ ಮಾಡಿದ್ದು ಪೂಜೆ ಹೇಗಾದೀತು ಎನ್ನುವವರಿದ್ದಾರೆ. ಹನ್ನೆರಡನೆಯ ಶತಮಾನದ ಶರಣರು ದುಡಿದೇ ಉಂಡವರು, ದುಡಿದೇ ದಾಸೋಹ ಮಾಡಿದವರು. ಕೂಲಿ ಅವರಿಗೆ ಮೈಲಿಗೆಯಾಗಿರಲಿಲ್ಲ. ವಿರಾಗಿಗೆ ಯಂತ್ರದ ಗೊಡವೆಯೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆದರೆ ಸೆನ್ಸರ್ ಕೆಟ್ಟರೆ ಇಂಧನ ಗಾಳಿಗಳ ಹದ ತಪ್ಪಿ, ಕಾರ್ಬನ್ ಮೊನಾಕ್ಸೈಡ್ ಹೆಚ್ಚಬಹುದು. ಅದನ್ನು ಉಸಿರಾಡುವವರು ರಸ್ತೆ ಬದಿಯವರು. ತನ್ನದನ್ನು ಬಿಡುವುದು ವೈರಾಗ್ಯ, ಪರರ ಉಸಿರನ್ನು ಕಡೆಗಣಿಸುವುದಲ್ಲ. ಸೆನ್ಸರ್ ಬದಲಿಸದೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನಷ್ಟೇ ಆರಿಸುವ ಕೈಚಳಕ ಕಾಯಕವಲ್ಲ, ವಂಚನೆ. ಹಾಗಾಗಿ ಕಚ್ಚಿಕೊಂಡ ಸೆನ್ಸರ್ ಬಿಡಿಸಲು ಗ್ಯಾರೇಜಿನವರು ಇನ್ನೊಂದು ದಿನ ಕೇಳಿದರೆ ಅವಸರಪಡಿಸಬೇಡಿ. ಆ ಕಾಯುವಿಕೆಗೂ ಕೂಲಿ ಕೊಡಿ.